ಅಲಾಸ್ಕಾ: ಯಾವ ತಿಂಗಳಿಗೆ ಯಾವ ಪ್ರಾಣಿ, ಯಾರಿಗೆ ಯಾವ ದಾರಿ

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಬೇಸಿಗೆ ಹತ್ತಿರವಾದಂತೆ ಏಳುವ ಪ್ರಶ್ನೆ ಇದು. ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ರಜೆ, ಕೈಯಲ್ಲಿ ಎಂಟು-ಹತ್ತು ದಿನ. ಅಲಾಸ್ಕಾ ಎಂದು ತೀರ್ಮಾನವಾಗಿದೆ. ಆದರೆ ಡೆನಾಲಿ ರಾಷ್ಟ್ರೀಯ ಉದ್ಯಾನವೋ, ಸೂವರ್ಡ್ ಊರಿನ ದೋಣಿಯೋ, ಕರಡಿಗಳು ಸಾಲ್ಮನ್ ಮೀನು ಹಿಡಿಯುವ ಬ್ರೂಕ್ಸ್ ಜಲಪಾತವೋ, ಸಿಯಾಟಲ್‌ನಿಂದ ಹೊರಡುವ ಕ್ರೂಸೋ? ಎಲ್ಲವನ್ನೂ ಒಂದೇ ಸಲ ಮುಗಿಸೋಣ ಎಂದು ಹೊರಟರೆ ರಜೆಯೆಲ್ಲ ಕಾರಿನ ಸೀಟಿನಲ್ಲೇ ಕಳೆದುಹೋಗುತ್ತದೆ. ಕರ್ನಾಟಕದಂಥ ಒಂಬತ್ತು ರಾಜ್ಯ ಹಿಡಿಯುವಷ್ಟು ದೊಡ್ಡ ನೆಲ ಅದು, ರಸ್ತೆ ಇರುವುದು ಅದರ ಒಂದು ಮೂಲೆಗೆ ಮಾತ್ರ.

ತೂಕಕ್ಕೆ ಇಡುವ ಮುನ್ನ

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ತಾರೀಖು. ಉತ್ತರದ ಪ್ರಾಣಿಗಳು ಇಡೀ ವರ್ಷಕ್ಕೆ ಬೇಕಾದ ಕೊಬ್ಬನ್ನು ನಾಲ್ಕೈದು ತಿಂಗಳಲ್ಲಿ ಮೈಗೆ ಹತ್ತಿಸಿಕೊಳ್ಳಬೇಕು. ಹಾಗಾಗಿ ಆ ವಾರ ತಿನ್ನಲು ಏನು ಎಲ್ಲಿ ಸಿಗುತ್ತದೋ ಅಲ್ಲಿಗೆ ಅವು ಹೋಗುತ್ತವೆ. ಜುಲೈಯಲ್ಲಿ ಕರಡಿಗಳು ತುಂಬಿದ ನದಿ ಆಗಸ್ಟ್ ನಡುವೆ ಬರಿದಾಗಿರಬಹುದು. ಜಾಗ ಆರಿಸಿ ಆಮೇಲೆ ರಜೆ ಹೊಂದಿಸುವವರಿಗೆ ನಿರಾಸೆಯಾಗುವುದು ಇಲ್ಲಿಯೇ. ರಜೆಯ ತಾರೀಖು ಬದಲಿಸಲಾಗದಿದ್ದರೆ ಜಾಗ ಬದಲಿಸಿ.

ಎರಡನೆಯದು, ಪ್ರಾಣಿ ಎಷ್ಟು ದೂರದಲ್ಲಿ ಕಂಡರೆ ನಿಮಗೆ ತೃಪ್ತಿ ಎಂಬುದು. ಕಬಿನಿ ಹಿನ್ನೀರಿನಲ್ಲಿ ಜೀಪಿನ ಪಕ್ಕದಲ್ಲೇ ಆನೆ ನೋಡಿದವರಿಗೆ ಡೆನಾಲಿಯಲ್ಲಿ ಒಂದು ಕಿಲೋಮೀಟರ್ ಆಚೆಯ ಗುಡ್ಡದಲ್ಲಿ ಕಂದು ಚುಕ್ಕೆ ತೋರಿಸಿ ‘ಅದೇ ಕರಡಿ’ ಎಂದರೆ ಮನಸ್ಸು ಒಪ್ಪುವುದು ಕಷ್ಟ. ಮೂರನೆಯದು ಮೈಯ ಶಕ್ತಿ: ಎಷ್ಟು ಗಂಟೆ ಕೂರಬಲ್ಲಿರಿ, ಮೊಣಕಾಲು ಹೇಗಿದೆ, ಅಲೆಗೆ ಹೊಟ್ಟೆ ತೊಳಸುತ್ತದೆಯೇ. ನಾಲ್ಕನೆಯದು ದುಡ್ಡು. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಹವೆ ಕೆಟ್ಟರೆ ನಷ್ಟವಾಗುವುದು ಒಂದು ಗಂಟೆಯೋ, ಇಡೀ ದಿನವೋ? ಬಸ್ಸು ಮಳೆಯಲ್ಲೂ ಹೋಗುತ್ತದೆ. ಪುಟ್ಟ ವಿಮಾನ ಮಂಜಿನಲ್ಲಿ ಏಳುವುದೇ ಇಲ್ಲ.

ಹಿಮಕರಡಿಯೇ ಬೇಕು ಎನ್ನುವವರು ಇಲ್ಲಿಂದ ಮುಂದೆ ಓದುವ ಅಗತ್ಯವಿಲ್ಲ. ಅದಕ್ಕೆ ಕೆನಡಾದ ಚರ್ಚಿಲ್‌ಗೆ, ಹಡ್ಸನ್ ಕೊಲ್ಲಿಯಲ್ಲಿ ಮಂಜುಗಡ್ಡೆ ಕಟ್ಟುವ ಮುಂಚಿನ ಅಕ್ಟೋಬರ್ ಕೊನೆ-ನವೆಂಬರ್ ಮೊದಲಲ್ಲಿ ಹೋಗಬೇಕು. ಆ ಲೆಕ್ಕಾಚಾರವೇ ಬೇರೆ.

ಡೆನಾಲಿ: ಕಡಿಮೆ ದುಡ್ಡಿಗೆ ಹೆಚ್ಚು ಗಂಟೆ

ಅಲಾಸ್ಕಾದ ದೊಡ್ಡ ಊರಾದ ಆಂಕರೇಜ್‌ನಿಂದ ಉತ್ತರಕ್ಕೆ ಸುಮಾರು 385 ಕಿಲೋಮೀಟರ್, ಕಾರಿನಲ್ಲಿ ನಾಲ್ಕೂವರೆ ಗಂಟೆ. ಫೇರ್‌ಬ್ಯಾಂಕ್ಸ್‌ನಿಂದಾದರೆ ಎರಡೇ ಗಂಟೆ. ಉದ್ಯಾನದೊಳಗೆ ಇರುವುದು 92 ಮೈಲಿಯ ಒಂದೇ ರಸ್ತೆ. ಬೇಸಿಗೆಯಲ್ಲಿ ನಿಮ್ಮ ಕಾರಿಗೆ ಅನುಮತಿ 15ನೇ ಮೈಲಿಯ ಸ್ಯಾವೇಜ್ ನದಿಯವರೆಗೆ, ಅಲ್ಲಿಂದಾಚೆ ಬಸ್ಸು. 2021ರ ಆಗಸ್ಟ್‌ನಲ್ಲಿ ಪ್ರಿಟಿ ರಾಕ್ಸ್ ಎಂಬಲ್ಲಿ ಕೆಳಗಿನ ಹೆಪ್ಪುಗಟ್ಟಿದ ನೆಲ ಕರಗಿ ಇಳಿಜಾರು ಜಾರತೊಡಗಿತು. ರಸ್ತೆಯನ್ನು 43ನೇ ಮೈಲಿಯಲ್ಲೇ ನಿಲ್ಲಿಸಿ, ಜಾರುವ ಜಾಗದ ಮೇಲೆ ಸೇತುವೆ ಕಟ್ಟುವ ಕೆಲಸ ಹಿಡಿದರು. ಹಾಗಾಗಿ ಹಳೆಯ ಪ್ರವಾಸ ಲೇಖನಗಳಲ್ಲಿ ಬರುವ, ಅದರಾಚೆಯ ವಂಡರ್ ಲೇಕ್, ಐಲ್ಸನ್ ಎಂಬ ಹೆಸರುಗಳನ್ನು ನಂಬಿ ಯೋಜನೆ ಹಾಕಬೇಡಿ. ನೀವು ಹೋಗುವ ವರ್ಷ ರಸ್ತೆ ಎಲ್ಲಿಯವರೆಗೆ ತೆರೆದಿದೆ ಎಂದು ಉದ್ಯಾನದ ಜಾಲತಾಣದಲ್ಲಿ ನೋಡಿ, ಆಮೇಲೆ ಸೀಟು ಕಾದಿರಿಸಿ.

ಬಸ್ಸಿನಲ್ಲಿ ಎರಡು ಬಗೆ. ‘ಟ್ರಾನ್ಸಿಟ್’ ಬಸ್ಸು ಸಾದಾ, ಹಸಿರು ಬಣ್ಣದ್ದು. 43ನೇ ಮೈಲಿಗೆ ಹೋಗಿ ಬರಲು ಸುಮಾರು ಐದು ಗಂಟೆ, ದರ ಮೂವತ್ತು-ನಲವತ್ತು ಡಾಲರ್ ಆಸುಪಾಸು. ವಿವರಣೆ ಕೊಡುವ ‘ಟೂರ್’ ಬಸ್ಸಿಗೆ ಅದರ ಮೂರು-ನಾಲ್ಕು ಪಟ್ಟು. ಎರಡೂ ಓಡುವುದು ಅದೇ ರಸ್ತೆಯಲ್ಲಿ, ಪ್ರಾಣಿ ಕಂಡರೆ ಎರಡೂ ನಿಲ್ಲುತ್ತವೆ. ನಮ್ಮ ಆಯ್ಕೆ ಟ್ರಾನ್ಸಿಟ್ ಬಸ್ಸು. ಬೇಕಾದ ಕಡೆ ಇಳಿದು ನಡೆದಾಡಿ, ಹಿಂದೆ ಬರುವ ಇನ್ನೊಂದು ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಬಹುದು. ಸೀಟು ಖಾಲಿ ಇದ್ದರೆ ಮಾತ್ರ ಹತ್ತಿಸಿಕೊಳ್ಳುತ್ತಾರೆ, ಹಾಗಾಗಿ ಆರು ಜನರ ಗುಂಪು ಇಳಿದರೆ ಮತ್ತೆ ಒಟ್ಟಿಗೆ ಹತ್ತುವುದು ಕಷ್ಟ. ಇಂಗ್ಲಿಷ್ ಸರಾಗವಾಗಿ ಅರ್ಥವಾಗುವ, ಕೂತಲ್ಲೇ ವಿವರ ಬೇಕೆನ್ನುವ ಹಿರಿಯರಿದ್ದರೆ ಟೂರ್ ಬಸ್ಸಿಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಬಸ್ಸುಗಳು ಮೇ 20ರ ಹೊತ್ತಿಗೆ ಶುರುವಾಗಿ ಸೆಪ್ಟೆಂಬರ್ ನಡುವೆ ನಿಲ್ಲುತ್ತವೆ.

ಕಾಣುವುದೇನು? ಗ್ರಿಜ್ಲಿ ಕರಡಿ, ಕ್ಯಾರಿಬೂ ಎಂಬ ಹಿಮಸಾರಂಗ, ಮೂಸ್ ಎಂಬ ಭಾರಿ ಜಿಂಕೆ, ಬಂಡೆಗಳ ಮೇಲೆ ಸುಣ್ಣದ ಚುಕ್ಕೆಗಳಂತೆ ಡಾಲ್ ಕುರಿಗಳು, ಅದೃಷ್ಟವಿದ್ದರೆ ತೋಳ. ಹೆಚ್ಚಿನವು ದೂರದಲ್ಲಿ. ಮರಗಳು ಮುಗಿದು ಬಯಲು ಶುರುವಾದ ಮೇಲೆ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಬೆಟ್ಟದ ಬುಡದಿಂದ ಮೇಲಕ್ಕೆ ಪಟ್ಟಿ ಪಟ್ಟಿಯಾಗಿ ನಿಧಾನ ನೋಡುತ್ತಾ ಹೋಗಿ, ಬಂಡೆ ಅಂದುಕೊಂಡದ್ದು ಎರಡನೇ ಸಲ ನೋಡಿದಾಗ ಬೇರೆ ಜಾಗದಲ್ಲಿದ್ದರೆ ಅದು ಬಂಡೆಯಲ್ಲ. ಅದಕ್ಕೇ ತಲೆಗೊಂದು ಬೈನಾಕ್ಯುಲರ್ ಬೇಕು. ಮನೆಗೆಲ್ಲ ಒಂದೇ ಇದ್ದರೆ ಅಜ್ಜಿಯ ಕೈಗೆ ಬರುವಷ್ಟರಲ್ಲಿ ಕರಡಿ ಪೊದೆಯೊಳಗೆ ಹೋಗಿರುತ್ತದೆ. 8×42 ಅಳತೆಯದು ಸಾಕು. 10 ಪಟ್ಟಿನದು ಬಸ್ಸಿನ ಅದುರಿಗೆ ನಿಲ್ಲುವುದಿಲ್ಲ.

ಡೆನಾಲಿ ಶಿಖರ (6,190 ಮೀಟರ್) ಬೇಸಿಗೆಯಲ್ಲಿ ಮೋಡದಿಂದ ಹೊರಗೆ ಬರುವುದು ಮೂರು ದಿನಕ್ಕೊಮ್ಮೆ ಎಂಬ ಲೆಕ್ಕ. ಆದ್ದರಿಂದ ಒಂದು ರಾತ್ರಿಯ ಬದಲು ಮೂರು ರಾತ್ರಿ ಉಳಿದು, ಎರಡು ದಿನ ಬಸ್ಸು ಹತ್ತಿ. ಎರಡನೇ ದಿನದ ಟಿಕೆಟ್‌ನಷ್ಟು ಲಾಭದ ಖರ್ಚು ಈ ಪ್ರವಾಸದಲ್ಲಿ ಇನ್ನೊಂದಿಲ್ಲ. ಬೆಳಗಿನ ಮೊದಲ ಬಸ್ಸುಗಳನ್ನೇ ಹಿಡಿಯಿರಿ. ಬಿಸಿಲೇರಿದ ಮೇಲೆ ಕ್ಯಾರಿಬೂಗಳು ಸೊಳ್ಳೆ ತಪ್ಪಿಸಿಕೊಳ್ಳಲು ಗಾಳಿಯಾಡುವ ಎತ್ತರಕ್ಕೆ, ಉಳಿದ ಹಿಮದ ಮೇಲಕ್ಕೆ ಹೋಗಿಬಿಡುತ್ತವೆ.

ಸೂವರ್ಡ್: ದೋಣಿಯಲ್ಲಿ ಒಂದು ದಿನ

ಆಂಕರೇಜ್‌ನಿಂದ ದಕ್ಷಿಣಕ್ಕೆ 204 ಕಿಲೋಮೀಟರ್. ದಾರಿಯೇ ಅರ್ಧ ಪ್ರವಾಸ: ಬೆಲೂಗಾ ಪಾಯಿಂಟ್‌ನಲ್ಲಿ ಆಗಸ್ಟ್ ಹೊತ್ತಿಗೆ ಉಬ್ಬರದ ಜೊತೆ ಬಿಳಿ ಬೆಲೂಗಾ ತಿಮಿಂಗಿಲಗಳು ಒಳಬರುವುದುಂಟು, ಅದರ ಸಮೀಪದ ಕಡಿದಾದ ಬಂಡೆಗಳಲ್ಲಿ ಡಾಲ್ ಕುರಿಗಳು ರಸ್ತೆಗೇ ಇಳಿಯುತ್ತವೆ.

ದೋಣಿಯಲ್ಲಿ ಮೂರು ಅಳತೆ. ಮೂರು-ನಾಲ್ಕು ಗಂಟೆಯದು ರೆಸರೆಕ್ಷನ್ ಕೊಲ್ಲಿಯೊಳಗೇ ಸುತ್ತುತ್ತದೆ. ಆರು ಗಂಟೆಯದು ಹೊರಗಡಲು ದಾಟಿ ಕೀನಾಯ್ ಫ್ಯೋರ್ಡ್ಸ್ ಉದ್ಯಾನದ ಹಿಮನದಿಯವರೆಗೆ ಹೋಗುತ್ತದೆ, ತಲೆಗೆ ಸುಮಾರು 200-250 ಡಾಲರ್. ಎಂಟೂವರೆ ಗಂಟೆಯದು ಇನ್ನೂ ಆಚೆ, ನಾರ್ತ್‌ವೆಸ್ಟರ್ನ್ ಫ್ಯೋರ್ಡ್‌ಗೆ. ಹೆಚ್ಚಿನವರಿಗೆ ಆರು ಗಂಟೆಯದೇ ಸರಿ. ಚಿಕ್ಕದರಲ್ಲಿ ಹಿಮನದಿಯ ಮುಖ ಸಿಗುವುದಿಲ್ಲ. ದೊಡ್ಡದು ಪಕ್ಷಿ ನೋಡುವವರಿಗೆ, ಕ್ಯಾಮೆರಾ ಹಿಡಿದವರಿಗೆ ಒಳ್ಳೆಯದು. ಏಳು ವರ್ಷದ ಮಗುವಿಗೆ ಐದನೇ ಗಂಟೆಯ ಹೊತ್ತಿಗೇ ಸಾಕಾಗಿರುತ್ತದೆ.

ಸಿಗುವ ಪ್ರಾಣಿಗಳ ಬಗೆ ಎಣಿಸಿದರೆ ಒಂದೇ ದಿನದಲ್ಲಿ ಇಷ್ಟು ಕೊಡುವ ಆಯ್ಕೆ ಅಲಾಸ್ಕಾದಲ್ಲಿ ಬೇರಿಲ್ಲ. ಬೆನ್ನ ಮೇಲೆ ಅಂಗಾತ ತೇಲುವ ಕಡಲ ನೀರುನಾಯಿ, ಬಂಡೆ ತುಂಬ ಸ್ಟೆಲ್ಲರ್ ಕಡಲಸಿಂಹ, ಹಂಪ್‌ಬ್ಯಾಕ್ ತಿಮಿಂಗಿಲ, ದೋಣಿಯ ಮೂತಿಯೊಡನೆ ಪಂದ್ಯ ಕಟ್ಟುವ, ಡಾಲ್ಫಿನ್ ಹೋಲುವ ಡಾಲ್ ಪಾರ್ಪಾಯಿಸ್. ಓರ್ಕಾ, ಅಂದರೆ ಕೊಲೆಗಾರ ತಿಮಿಂಗಿಲಗಳಿಗೆ ಮೇ-ಜೂನ್ ಚೆನ್ನ. ಪಫಿನ್ ಹಕ್ಕಿಗಳು ಮೇಯಲ್ಲಿ ಗೂಡಿಗೆ ಬಂದು ಆಗಸ್ಟ್ ಕೊನೆಗೆ ಕಡಲಿಗೆ ಮರಳುತ್ತವೆ, ಸೆಪ್ಟೆಂಬರ್‌ನಲ್ಲಿ ಹೋದವರಿಗೆ ಅವು ಸಿಗುವುದಿಲ್ಲ. ಹೊಟ್ಟೆ ತುಂಬ ಮೀನು ತಿಂದ ಪಫಿನ್ ದೋಣಿ ಹತ್ತಿರ ಬಂದಾಗ ರೆಕ್ಕೆ ಬಡಿಯುತ್ತಾ ನೀರಿನ ಮೇಲೆ ಓಡಿಯೇ ಓಡುತ್ತದೆ, ಮೇಲೇಳಲಾಗದೆ ಕೊನೆಗೆ ಮುಳುಗಿಬಿಡುತ್ತದೆ. ಹಿಮನದಿಯ ಮುಂದೆ ಎಂಜಿನ್ ನಿಲ್ಲಿಸಿದಾಗ ಸದ್ದು ಮಾಡಬೇಡಿ. ತೇಲುವ ಮಂಜಿನಲ್ಲಿ ಸೆರೆಯಾದ ಗಾಳಿ ಚಟಪಟ ಸಿಡಿಯುವುದು ಆಗಲೇ ಕೇಳುವುದು.

ಕೆಡುವುದು ಎರಡು ಕಾರಣಕ್ಕೆ. ಕೊಲ್ಲಿ ಬಿಟ್ಟು ಹೊರಗಡಲಿಗೆ ತಿರುಗುವ ಭಾಗದಲ್ಲಿ ಅಲೆ ಜೋರು, ಅಲ್ಲಿ ಹೊಟ್ಟೆ ತೊಳಸಲು ಶುರುವಾದರೆ ಉಳಿದ ದಿನ ಹಾಳು. ಮೆಕ್ಲಿಜಿನ್ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು, ತೊಳಸಿದ ಮೇಲೆ ನುಂಗಿದರೆ ಕೆಲಸ ಮಾಡದು. ಬಿಪಿ, ಗ್ಲಾಕೋಮಾ, ಪ್ರಾಸ್ಟೇಟ್ ಮಾತ್ರೆ ತೆಗೆದುಕೊಳ್ಳುವ ಹಿರಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಕೂರುವುದು ಕೆಳಗಿನ ಅಂತಸ್ತಿನ ನಡುಭಾಗದಲ್ಲಿ, ನೋಟ ದಿಗಂತದ ಮೇಲೆ. ಎರಡನೆಯದು ಚಳಿ: ಊರಲ್ಲಿ 16 ಡಿಗ್ರಿ ಇದ್ದರೂ ಹಿಮನದಿಯಿಂದ ಬೀಸುವ ಗಾಳಿ ಬೆರಳು ಮರಗಟ್ಟಿಸುತ್ತದೆ. ಜುಲೈಯಲ್ಲೂ ಟೋಪಿ, ಕೈಗವಸು ಬೇಕು.

ಬ್ರೂಕ್ಸ್ ಜಲಪಾತ: ಹತ್ತಿರದ ಕರಡಿ, ದುಬಾರಿ ದಿನ

ಸುಮಾರು ಆರಡಿ ಎತ್ತರದ ಪುಟ್ಟ ಜಲಪಾತ. ಅದರ ನೆತ್ತಿಯಲ್ಲಿ ಕಾಲೂರಿ ನಿಂತ ಕಂದು ಕರಡಿ, ಬಾಯಿ ತೆರೆದು ಕಾಯುತ್ತದೆ. ಸಾಲ್ಮನ್ ತಾನಾಗಿ ಹಾರಿ ಬಾಯಿಗೆ ಬೀಳುತ್ತದೆ. ಜಲಪಾತದ ಕೆಳಗಿನ ನೊರೆಯಲ್ಲಿ ಕೂತ ದೊಡ್ಡ ಗಂಡು ಮುಂಗಾಲಿನಿಂದ ನೀರೊಳಗೆ ತಡಕುತ್ತದೆ, ಇನ್ನೊಂದು ತಲೆ ಮುಳುಗಿಸಿ ಹುಡುಕುತ್ತದೆ. ಮೀನು ಹಿಡಿಯುವುದರಲ್ಲಿ ಒಂದೊಂದು ಕರಡಿಗೂ ತನ್ನದೇ ರೂಢಿ, ತನ್ನದೇ ಜಾಗ. ಕ್ಯಾಟ್ಮಾಯ್ ಉದ್ಯಾನದ ಈ ದೃಶ್ಯವನ್ನು ಮರದ ಕಟ್ಟೆಯ ಮೇಲೆ ನಿಂತು ಹತ್ತಿಪ್ಪತ್ತು ಮೀಟರ್ ದೂರದಿಂದ ನೋಡಬಹುದು.

ತಾರೀಖಿನ ಮಾತು ಇಲ್ಲಿ ಅತಿ ಮುಖ್ಯ. ಸಾಕೈ ಸಾಲ್ಮನ್ ಜೂನ್ ಕೊನೆಗೆ ಬರತೊಡಗುತ್ತವೆ, ಜುಲೈ ಪೂರ್ತಿ ಜಲಪಾತದಲ್ಲಿ ಕರಡಿಗಳ ಜಾತ್ರೆ. ಆಗಸ್ಟ್‌ನಲ್ಲಿ ಮೀನು ಮೇಲಿನ ಕೆರೆ-ತೊರೆಗಳಿಗೆ ಹಂಚಿಹೋಗುತ್ತದೆ, ಕರಡಿಗಳೂ ಅವುಗಳ ಹಿಂದೆ ಚದುರುತ್ತವೆ. ಮೊಟ್ಟೆಯಿಟ್ಟು ಸತ್ತ ಮೀನು ನದಿಯಲ್ಲಿ ತೇಲಿ ಬರುವ ಸೆಪ್ಟೆಂಬರ್‌ಗೆ ಮತ್ತೆ ಬರುತ್ತವೆ, ಆಗ ಅವು ಉರುಟುರುಟಾಗಿ ಕೊಬ್ಬಿರುತ್ತವೆ. ಅತಿ ಕೊಬ್ಬಿದ ಕರಡಿಯನ್ನು ಆರಿಸುವ, ಕ್ಯಾಟ್ಮಾಯ್‌ನ ‘ಫ್ಯಾಟ್ ಬೇರ್ ವೀಕ್’ ಎಂಬ ಪ್ರಸಿದ್ಧ ಮತದಾನ ನಡೆಯುವುದು ಇದಾದ ಮೇಲೆ. ಆಗಸ್ಟ್ ಮೊದಲೆರಡು ವಾರದ ರಜೆಗೆ ಬ್ರೂಕ್ಸ್ ಆರಿಸಬೇಡಿ.

ರಸ್ತೆ ಇಲ್ಲ. ಆಂಕರೇಜ್‌ನಿಂದ ಕಿಂಗ್ ಸಾಲ್ಮನ್ ಊರಿಗೆ ವಿಮಾನ, ಅಲ್ಲಿಂದ ನೀರಿನ ಮೇಲಿಳಿಯುವ ಪುಟ್ಟ ವಿಮಾನ. ಒಂದು ದಿನದ ಪ್ರವಾಸಕ್ಕೆ ತಲೆಗೆ ಸಾವಿರ ಡಾಲರ್ ದಾಟುತ್ತದೆ, ನಾಲ್ಕು ಜನರ ಕುಟುಂಬಕ್ಕೆ ಒಂದೇ ದಿನಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು. ಕಡಿಮೆ ಖರ್ಚಿನ ದಾರಿ ಎಂದರೆ ವಿದ್ಯುತ್ ಬೇಲಿಯೊಳಗಿನ ಕ್ಯಾಂಪ್‌ಗ್ರೌಂಡ್. 60 ಜನರಿಗಷ್ಟೇ ಜಾಗ, ಕಾದಿರಿಸುವಿಕೆ ಜನವರಿ ಮೊದಲ ವಾರ ತೆರೆಯುತ್ತದೆ, ಜುಲೈ ರಾತ್ರಿಗಳ ಜಾಗ ಕೆಲವೇ ನಿಮಿಷಗಳಲ್ಲಿ ಭರ್ತಿಯಾಗುತ್ತದೆ. ಅಲ್ಲಿ ಉಳಿದವರಿಗೆ ಸಂಜೆ, ದಿನದ ಪ್ರವಾಸಿಗಳು ಹೋದ ಮೇಲೆ, ಕಟ್ಟೆ ಸಾವಧಾನವಾಗಿ ಸಿಗುತ್ತದೆ. ಜಲಪಾತದ ಕಟ್ಟೆಯ ಮೇಲೆ ಒಮ್ಮೆಗೆ 40 ಜನ. ಜುಲೈಯಲ್ಲಿ ಹೆಸರು ಬರೆಸಿ ಕಾಯಬೇಕು, ಪಾಳಿ ಬಂದಾಗ ಒಂದು ಗಂಟೆ.

ಇಳಿದ ತಕ್ಷಣ ಕರಡಿಗಳ ನಡುವೆ ಹೇಗೆ ನಡೆಯಬೇಕೆಂದು ಪಾಠವಿರುತ್ತದೆ, ಅದು ಕಡ್ಡಾಯ. ಆಮೇಲೆ ಜಲಪಾತಕ್ಕೆ ಸುಮಾರು ಎರಡು ಕಿಲೋಮೀಟರ್ ನಡಿಗೆ. ಕರಡಿಯಿಂದ 50 ಗಜ ದೂರವಿರಬೇಕು ಎಂಬ ನಿಯಮವಿದೆ, ಕರಡಿಯೇ ದಾರಿಯಲ್ಲಿ ಮಲಗಿದರೆ ಅದು ಏಳುವವರೆಗೆ ಎಲ್ಲರೂ ನಿಲ್ಲಬೇಕು. ತಿಂಡಿಯನ್ನು ಗೊತ್ತುಪಡಿಸಿದ ಜಾಗದಲ್ಲಿ ಬಿಟ್ಟು ಬೇರೆಲ್ಲೂ ತಿನ್ನುವಂತಿಲ್ಲ. ಜೇಬಿನಲ್ಲಿ ಮರೆತ ಒಂದು ಚಕ್ಕುಲಿಯೂ ಅಪರಾಧವೇ. ಮನುಷ್ಯನ ಬಳಿ ಊಟವಿದೆ ಎಂದು ಕಲಿತ ಕರಡಿ ಜನರ ಹತ್ತಿರ ಬರತೊಡಗುತ್ತದೆ, ಕೊನೆಗೆ ಜೀವ ಹೋಗುವುದು ಅದರದೇ. ಅಲ್ಲಿನ ಶಿಸ್ತೆಲ್ಲ ಇರುವುದು ಇದಕ್ಕಾಗಿ. ದಯವಿಟ್ಟು ಮಕ್ಕಳಿಗೂ ಹಿರಿಯರಿಗೂ ಮೊದಲೇ ಹೇಳಿ, ಜೇಬು, ಚೀಲ ನೋಡಿಕೊಳ್ಳಿ.

ಜೂನ್‌ನಲ್ಲಿ ಹೋಗುವವರಿಗೆ ಇದೇ ದುಡ್ಡಿಗೆ ಇನ್ನೂ ಒಳ್ಳೆಯ ಆಯ್ಕೆ ಲೇಕ್ ಕ್ಲಾರ್ಕ್ ಉದ್ಯಾನದ ಕರಾವಳಿ. ಚಕ್ರದ ಪುಟ್ಟ ವಿಮಾನ ಸಮುದ್ರದ ಮರಳಿನ ಮೇಲೇ ಇಳಿಯುತ್ತದೆ. ಕರಡಿಗಳು ಹಸುಗಳ ಹಾಗೆ ಎಳೆ ಜೊಂಡು ಮೇಯುತ್ತಿರುತ್ತವೆ, ನೀರಿಳಿತದಲ್ಲಿ ಮರಳು ಬಗೆದು ಚಿಪ್ಪುಜೀವಿ ತೆಗೆಯುತ್ತವೆ. ಜನಸಂದಣಿ ಇಲ್ಲ, ಜೊತೆಗೆ ಮಾರ್ಗದರ್ಶಿ ಇರುತ್ತಾರೆ, ಮೀನಿನ ಪೈಪೋಟಿ ಇಲ್ಲದ್ದರಿಂದ ತಾಯಿ-ಮರಿಗಳೂ ನಿರಾಳ. ಪ್ರಶಾಂತವಾಗಿ ನೋಡಬೇಕೆನ್ನುವವರಿಗೆ ನಾವು ಬ್ರೂಕ್ಸ್‌ಗಿಂತ ಇದನ್ನೇ ಹೇಳುತ್ತೇವೆ.

ಎರಡೂ ಕಡೆ ಪುಟ್ಟ ವಿಮಾನಕ್ಕೆ ಮುನ್ನ ನಿಮ್ಮನ್ನೂ ಚೀಲವನ್ನೂ ತೂಗುತ್ತಾರೆ. ಮಂಜು ಮುಸುಕಿದರೆ ಹಾರಾಟ ರದ್ದು. ಆದ್ದರಿಂದ ಈ ದಿನವನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬೇಡಿ. ಮೊದಲಲ್ಲೇ ಇಟ್ಟು, ಅದರ ಮರುದಿನ ಖಾಲಿ ಬಿಡಿ.

ದುಡ್ಡು ಅಷ್ಟಿಲ್ಲದಿದ್ದರೆ? ಆಂಕರೇಜ್‌ನಿಂದ 480 ಕಿಲೋಮೀಟರ್ ದೂರದ ವಾಲ್ಡೀಜ್‌ನಲ್ಲಿ ಸಾಲಮನ್ ಗಲ್ಚ್ ಮೀನು ಮರಿಕೇಂದ್ರವಿದೆ. ಜುಲೈ-ಆಗಸ್ಟ್‌ನಲ್ಲಿ ಪಿಂಕ್ ಸಾಲ್ಮನ್ ನುಗ್ಗಿ ಬರುವಾಗ ಕರಡಿ, ಕಡಲಸಿಂಹ ಎರಡೂ ರಸ್ತೆ ಬದಿಯಲ್ಲೇ ಕಾಣುತ್ತವೆ, ಕಾಸು ಕೊಡಬೇಕಿಲ್ಲ. ಖಾತ್ರಿ ಬ್ರೂಕ್ಸ್‌ನಷ್ಟಿಲ್ಲ. ಆದರೆ ಬ್ರೂಕ್ಸ್ ಬರಿದಾಗುವ ಆಗಸ್ಟ್‌ಗೆ ಸರಿಹೊಂದುವುದು ಇದೇ.

ಕ್ರೂಸ್: ಅಪ್ಪ-ಅಮ್ಮನಿಗೆ ಸುಖ, ಪ್ರಾಣಿಗೆ ಸಾಧಾರಣ

ಸಿಯಾಟಲ್‌ನಿಂದ ಏಳು ರಾತ್ರಿಯ ಕ್ರೂಸ್‌ಗೆ ಕಿಟಕಿಯಿಲ್ಲದ ಕೊಠಡಿ, ಊಟ ಎಲ್ಲ ಸೇರಿ ತಲೆಗೆ ಸಾವಿರ ಡಾಲರ್ ಆಸುಪಾಸಿನಲ್ಲಿ ಸಿಗುವುದುಂಟು. ದಿನಾ ಚೀಲ ಕಟ್ಟುವ ಕಷ್ಟವಿಲ್ಲ, ಸಸ್ಯಾಹಾರ ಸಲೀಸು, ಮೊಣಕಾಲು ನೋವಿದ್ದರೂ ತೊಂದರೆಯಿಲ್ಲ. ಆದರೆ ಅದು ಮುಟ್ಟುವುದು ಅಲಾಸ್ಕಾದ ಆಗ್ನೇಯ ಬಾಲವನ್ನು. ಅಲ್ಲಿನ ಜೂನೋ ಊರಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಮೇಯಿಂದ ಸೆಪ್ಟೆಂಬರ್‌ವರೆಗೆ ಬಹಳ ಚೆನ್ನಾಗಿ ಸಿಗುತ್ತವೆ, ಅದಕ್ಕೆ ಬೇರೆ ದೋಣಿ ಹತ್ತಬೇಕು. ಕ್ಯಾರಿಬೂ, ಡಾಲ್ ಕುರಿ, ಟಂಡ್ರಾ ಎಂಬ ಮರವಿಲ್ಲದ ಶೀತ ಬಯಲು ಇಲ್ಲವೇ ಇಲ್ಲ. ಆರಿಸುವುದಾದರೆ ‘ಗ್ಲೇಸಿಯರ್ ಬೇ’ ಕೊಲ್ಲಿಗೆ ಹೋಗುವ ಹಡಗನ್ನೇ ಆರಿಸಿ. ದಿನಕ್ಕೆ ಎರಡು ದೊಡ್ಡ ಹಡಗಿಗಷ್ಟೇ ಅಲ್ಲಿ ಪ್ರವೇಶ.

ಒಂದು ಕಾಗದದ ಮಾತು, ಇದರಲ್ಲಿ ಅನೇಕರು ಎಡವುತ್ತಾರೆ. ವಿದೇಶಿ ನೋಂದಣಿಯ ಹಡಗುಗಳು ದಾರಿಯಲ್ಲಿ ವಿದೇಶದ ಒಂದು ಬಂದರು ಮುಟ್ಟಲೇಬೇಕೆಂಬ 1886ರ ಅಮೆರಿಕನ್ ಕಾನೂನಿನಿಂದಾಗಿ ಸಿಯಾಟಲ್ ಕ್ರೂಸ್‌ಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾ ವೀಸಾ ಬೇಕು, ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ. ಊರಿಂದ ಬಂದ ಅಪ್ಪ-ಅಮ್ಮನ ಕೆನಡಾ ವೀಸಾ ತಿಂಗಳುಗಳ ಮುಂಚೆಯೇ ಹಾಕಬೇಕು. ಸಿಯಾಟಲ್-ಆಂಕರೇಜ್ ವಿಮಾನಕ್ಕೆ ಈ ತೊಡಕಿಲ್ಲ, ಅದು ಒಳನಾಡಿನ ಮೂರೂವರೆ ಗಂಟೆಯ ಹಾರಾಟ.

ಇನ್ನೂ ಉತ್ತರಕ್ಕೆ: ಡಾಲ್ಟನ್ ಮತ್ತು ನೋಮ್

ಹಿಮಯುಗದಿಂದ ಎದ್ದುಬಂದಂತಿರುವ, ಕೂದಲು ನೆಲಕ್ಕೆ ತಾಗುವ ಮಸ್ಕ್ ಆಕ್ಸ್ ನೋಡಬೇಕೆನ್ನುವವರಿಗೆ ಎರಡು ದಾರಿ. ಡಾಲ್ಟನ್ ಹೆದ್ದಾರಿ 414 ಮೈಲಿ, ಹೆಚ್ಚಿನದು ಜಲ್ಲಿ. ಕೋಲ್ಡ್‌ಫುಟ್‌ನಿಂದ ಡೆಡ್‌ಹಾರ್ಸ್‌ವರೆಗೆ 240 ಮೈಲಿ ಪೆಟ್ರೋಲ್ ಬಂಕೂ ಇಲ್ಲ, ಫೋನ್ ಸಿಗ್ನಲ್ಲೂ ಇಲ್ಲ. ಸಾಮಾನ್ಯ ಬಾಡಿಗೆ ಕಾರುಗಳ ಕರಾರು ಈ ರಸ್ತೆಯನ್ನು ನಿಷೇಧಿಸುತ್ತದೆ, ಕದ್ದು ಹೋಗಿ ಗಾಜು ಒಡೆದರೆ ಪೂರ್ತಿ ನಷ್ಟ ನಿಮ್ಮದು. ಜಲ್ಲಿ ರಸ್ತೆಗೆ ಅನುಮತಿಯಿರುವ ಗಾಡಿ ಫೇರ್‌ಬ್ಯಾಂಕ್ಸ್‌ನಲ್ಲಿ ಸಿಗುತ್ತದೆ. ಪೂರ್ಣ ಅಳತೆಯ ಎರಡು ಸ್ಟೆಪ್ನಿ, ಲಾರಿ ಚಾಲಕರೊಡನೆ ಮಾತಾಡಲು ಸಿಬಿ ರೇಡಿಯೋ ಇಟ್ಟುಕೊಳ್ಳಿ. ಲಾರಿ ಎದುರು ಬಂದರೆ ವೇಗ ತಗ್ಗಿಸಿ ಬಲಕ್ಕೆ ಸರಿಯಿರಿ. ಮಸ್ಕ್ ಆಕ್ಸ್ ಸಿಗುವುದು ಅಟಿಗನ್ ಕಣಿವೆದಾರಿ ದಾಟಿದ ಮೇಲೆ, ಅಂದರೆ ಹೋಗಿ ಬರಲು ಕನಿಷ್ಠ ನಾಲ್ಕು ದಿನ. ಫೇರ್‌ಬ್ಯಾಂಕ್ಸ್‌ನಿಂದ ಒಂದೇ ದಿನದಲ್ಲಿ 115ನೇ ಮೈಲಿಯ ಆರ್ಕ್ಟಿಕ್ ವೃತ್ತದ ಫಲಕ ಮುಟ್ಟಿಸಿ ತರುವ ಪ್ರವಾಸಗಳಿವೆ. ಫಲಕದ ಮುಂದೆ ಫೋಟೋ ಬೇಕಿದ್ದರೆ ಸರಿ, ಪ್ರಾಣಿಗಾಗಿ ಅಲ್ಲ.

ನೋಮ್‌ಗೆ ಆಂಕರೇಜ್‌ನಿಂದ ವಿಮಾನವೇ ಗತಿ. ಊರಿನಿಂದ ಮೂರು ದಿಕ್ಕಿಗೆ ಜಲ್ಲಿ ರಸ್ತೆ ಹೊರಡುತ್ತದೆ, ಮಸ್ಕ್ ಆಕ್ಸ್ ಎಷ್ಟೋ ಸಲ ಊರಂಚಿನಲ್ಲೇ ಮೇಯುತ್ತಿರುತ್ತವೆ. ಜೂನ್ ಮೊದಲ ವಾರಗಳಲ್ಲಿ ನೀಲಿಕಂಠದ ಬ್ಲೂಥ್ರೋಟ್ ಇಲ್ಲಿ ಗೂಡುಕಟ್ಟುತ್ತದೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಯಂಚಿನ ಜೊಂಡಿನಲ್ಲಿ ಇದೇ ಜಾತಿಯ ಹಕ್ಕಿಯನ್ನು ನೋಡಿದವರಿಗೆ ಇಲ್ಲಿ ಅದರ ಹಾಡು ಕೇಳುವುದು ದೊಡ್ಡ ಸಂತೋಷ. ಪಕ್ಷಿವೀಕ್ಷಕರಾಗಿದ್ದರೆ ಡಾಲ್ಟನ್ ಬಿಟ್ಟು ನೋಮ್. ಬಾಡಿಗೆ ಗಾಡಿ, ಕೊಠಡಿ ಎರಡೂ ಬೆರಳೆಣಿಕೆಯಷ್ಟು, ಚಳಿಗಾಲದಲ್ಲೇ ಕಾದಿರಿಸಿ.

ಹಾಗಾದರೆ ಯಾರಿಗೆ ಯಾವುದು

ಐದು ದಿನ, ಸಣ್ಣ ಮಕ್ಕಳು, ಮಿತ ಖರ್ಚು: ಸೂವರ್ಡ್ ಎರಡು ರಾತ್ರಿ, ಉಳಿದದ್ದು ಆಂಕರೇಜ್ ಸುತ್ತ. ಪಾಟರ್ ಮಾರ್ಷ್‌ನ ಮರದ ಹಾದಿಯಲ್ಲಿ ಹಕ್ಕಿ, ಒಮ್ಮೊಮ್ಮೆ ಮೂಸ್, ಟಿಕೆಟ್ ಇಲ್ಲ. ಡೆನಾಲಿ ತುರುಕಬೇಡಿ. ಎಂಟು ದಿನವಿದ್ದರೆ ಸೂವರ್ಡ್ ಎರಡು, ಡೆನಾಲಿ ಮೂರು ರಾತ್ರಿ, ಉಳಿದವು ಪ್ರಯಾಣಕ್ಕೆ. ಜುಲೈಯಲ್ಲಿ ಬಾಡಿಗೆ ಕಾರು ದಿನಕ್ಕೆ ನೂರು ಡಾಲರ್ ದಾಟುವುದು ಮಾಮೂಲು, ಮೊದಲು ಅದನ್ನೇ ಕಾದಿರಿಸಿ. ಒಂದೇ ಒಂದು ದೊಡ್ಡ ಖರ್ಚು ಮಾಡಬಲ್ಲಿರಾದರೆ, ಜೂನ್‌ಗೆ ಲೇಕ್ ಕ್ಲಾರ್ಕ್, ಜುಲೈಗೆ ಬ್ರೂಕ್ಸ್. ಪುಟ್ಟ ವಿಮಾನದಲ್ಲಿ ಡೆನಾಲಿ ಶಿಖರ ಸುತ್ತುವ ಪ್ರವಾಸವನ್ನು ಅದಕ್ಕಾಗಿ ಬಿಡಿ. ನಡೆಯಲಾಗದ ಹಿರಿಯರು, ಕೆನಡಾ ವೀಸಾ ಕೈಯಲ್ಲಿದೆ ಎಂದಾದರೆ ಕ್ರೂಸ್. ಮಕ್ಕಳ ಶಾಲೆಯ ಹಂಗಿಲ್ಲದ ದಂಪತಿಗಳಿಗೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಹತ್ತರವರೆಗಿನ ಅವಧಿಯೇ ಎಲ್ಲಕ್ಕಿಂತ ಉತ್ತಮ: ಸೊಳ್ಳೆ ಮುಗಿದಿರುತ್ತದೆ, ಟಂಡ್ರಾ ಕೆಂಪಾಗಿರುತ್ತದೆ, ಗಂಡು ಮೂಸ್‌ಗಳ ಕೊಂಬು ಪೂರ್ತಿ ಬೆಳೆದಿರುತ್ತದೆ, ರಾತ್ರಿ ಮತ್ತೆ ಕತ್ತಲಾಗುವುದರಿಂದ ಫೇರ್‌ಬ್ಯಾಂಕ್ಸ್‌ನಲ್ಲಿ ಧ್ರುವಪ್ರಭೆಯೂ ಸಿಗಬಹುದು. ಜೂನ್‌ನಲ್ಲಿ ಅದು ಸಾಧ್ಯವೇ ಇಲ್ಲ, ಆಂಕರೇಜ್‌ನಲ್ಲೇ ಹಗಲು ಹತ್ತೊಂಬತ್ತು ಗಂಟೆ ದಾಟುತ್ತದೆ.

ಯಾವುದನ್ನೇ ಆರಿಸಿದರೂ ಚೀಲಕ್ಕೆ ಇವು ಸೇರಲಿ. ಜೀನ್ಸ್ ಬೇಡ, ಒದ್ದೆಯಾದ ಹತ್ತಿ ಒಣಗುವುದಿಲ್ಲ. ಉಣ್ಣೆಯ ಅಥವಾ ಸಿಂಥೆಟಿಕ್ ಒಳಪದರ, ಫ್ಲೀಸ್, ಮೇಲೆ ನೀರಿಳಿಯದ ಜಾಕೆಟ್ ಮತ್ತು ಪ್ಯಾಂಟು. ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ ತಲೆಗೆ ಹಾಕುವ ಸೊಳ್ಳೆ ಬಲೆ. ಅಡುಗೆಮನೆ ಇರುವ ಕ್ಯಾಬಿನ್ ಹಿಡಿದು, ದಿನಸಿಯನ್ನು ಆಂಕರೇಜ್‌ನಲ್ಲೇ ಕೊಂಡುಬಿಡಿ, ಡೆನಾಲಿ ಬಾಗಿಲಲ್ಲಿ ಸಸ್ಯಾಹಾರ ಕಡಿಮೆ, ಬೆಲೆ ಹೆಚ್ಚು. ಪುಟ್ಟ ಕುಕ್ಕರ್, ಪುಳಿಯೋಗರೆ ಗೊಜ್ಜು, ಅವಲಕ್ಕಿ ಇದ್ದರೆ ಹಿರಿಯರ ಹೊಟ್ಟೆ ತಣ್ಣಗಿರುತ್ತದೆ. ಡೆನಾಲಿ ಬಸ್ಸಿನಲ್ಲಿ ಊಟ ಮಾರುವುದಿಲ್ಲ, ಬುತ್ತಿ ಜೊತೆಗಿರಲಿ. ಬಸ್ಸಿನಿಂದಿಳಿದು ನಡೆಯುವವರಿಗೆ ಬೇರ್ ಸ್ಪ್ರೇ, ಅಂದರೆ ಕರಡಿ ಮೇಲೆರಗಿದರೆ ಎರಚುವ ಖಾರದ ಸ್ಪ್ರೇ ಬೇಕು. ಅದನ್ನು ಪ್ರಯಾಣಿಕ ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಇಡುವಂತಿಲ್ಲ. ಆಂಕರೇಜ್‌ನಲ್ಲಿ ಕೊಂಡು, ಚೀಲದೊಳಗೆ ತುರುಕದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಹಿಂತಿರುಗುವ ಮುನ್ನ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ.